ಸೀಸೆಯ ಮೇಲಿನ ಹೆಸರು

ಸಂತೋಷದ ಸುದ್ದಿ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಕೆಳಗಿಳಿಯುವುದು ಸಕ್ಕರೆ ಡಬ್ಬ. ಮಗ ಪಾಸಾದರೆ ಪೇಡೆ, ಹಬ್ಬ ಬಂದರೆ ಹೋಳಿಗೆ. ಫ್ರಾನ್ಸಿನವರು ಇಂಥ ಹೊತ್ತಿನಲ್ಲಿ ಶಾಂಪೇನ್ ಸೀಸೆ ತೆರೆಯುತ್ತಾರೆಂದು ಕೇಳಿದ್ದೆ. ಪಂದ್ಯ ಗೆದ್ದ ಆಟಗಾರರು ಅದನ್ನು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವುದನ್ನು ಟಿ.ವಿ.ಯಲ್ಲಿ ಕಂಡು, 'ಕುಡಿಯೋ ಪದಾರ್ಥ ಹೀಗೆ ಚೆಲ್ತಾರಲ್ಲ' ಎಂದು ಸಂಕಟಪಟ್ಟದ್ದೂ ಉಂಟು.

ಹೋದ ವರ್ಷ ಬೆಂಗಳೂರಿನಲ್ಲಿ ದೊಡ್ಡ ಮಗಳಿಗೆ ಬಡ್ತಿ ಸಿಕ್ಕಿದಾಗ ಅದನ್ನು ಹತ್ತಿರದಿಂದ ನೋಡಿದೆ. ಅಳಿಯಂದಿರು ಆಫೀಸಿನ ಕೆಲಸಕ್ಕೆ ಫ್ರಾನ್ಸಿಗೆ ಹೋಗಿದ್ದಾಗ ತಂದಿಟ್ಟಿದ್ದ ಸೀಸೆ. ಅರ್ಧ ನೀರು, ಅರ್ಧ ಐಸು ತುಂಬಿದ ಬಕೆಟ್ಟಿನಲ್ಲಿ ಅದನ್ನು ಅರ್ಧ ಗಂಟೆ ಮುಳುಗಿಸಿಟ್ಟರು. ಒಳಗಿನ ಒತ್ತಡ ಕಾರಿನ ಟೈರಿಗಿಂತ ಎರಡು ಮೂರು ಪಟ್ಟು ಹೆಚ್ಚಂತೆ. ತಣ್ಣಗಾದಷ್ಟೂ ಅದು ಇಳಿಯುತ್ತದೆ. ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡೇ ತಂತಿ ಸಡಿಲಿಸಿದರು. ಸೀಸೆಯನ್ನು ಓರೆಮಾಡಿ, ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬಿರಡೆಯನ್ನು ಬಿಗಿಯಾಗಿ ಹಿಡಿದು ಸೀಸೆಯನ್ನೇ ಮೆಲ್ಲಗೆ ತಿರುವಿದರು. ಢಮ್ ಎನ್ನುತ್ತದೆಂದು ಕಿವಿ ಮುಚ್ಚಿಕೊಂಡಿದ್ದ ನನಗೆ ಕೇಳಿಸಿದ್ದು 'ಉಸ್' ಎಂಬ ನಿಟ್ಟುಸಿರು ಮಾತ್ರ. ಉದ್ದ ಕಾಲಿನ ಲೋಟಗಳಿಗೆ ಸ್ವಲ್ಪ ಸುರಿದು, ನೊರೆ ಇಳಿದ ಮೇಲೆ ಮತ್ತಷ್ಟು ಸುರಿದರು. 750 ಮಿಲಿಲೀಟರಿನ ಸೀಸೆ ಆರು ಲೋಟಕ್ಕೆ ಸಾಕಾಯಿತು.

ಮಗಳ ಬಲವಂತಕ್ಕೆ ಎರಡು ಗುಟುಕು ಕುಡಿದೆ. ಹಸಿರು ಸೇಬಿನ ಹುಳಿ, ಕೆಂಪಗೆ ಸುಟ್ಟ ಬ್ರೆಡ್ಡಿನ ವಾಸನೆ, ನಾಲಿಗೆಯ ಮೇಲೆ ಸಾಸಿವೆ ಸಿಡಿದಂತೆ ಗುಳ್ಳೆ. ಚೆನ್ನಾಗಿತ್ತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ.

ಹಳದಿ ಚೀಟಿಯ ಮೇಲಿನ ಹೆಸರನ್ನು ಕೂಡಿಸಿಕೊಂಡು ಓದುತ್ತಾ, "ವವ್ ಕ್ಲಿಕೊ... ವವ್ ಅಂದ್ರೇನ್ರೀ?" ಎಂದು ಕೇಳಿದೆ.

"ವಿಧವೆ ಅಂತ, ಅತ್ತೆ" ಎಂದ ಅಳಿಯಂದಿರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಮಗಳು ತಲೆ ತಗ್ಗಿಸಿದಳು. ನನ್ನವರು ಹೋದದ್ದು 2016ರಲ್ಲಿ.

ನನಗೆ ಬೇಸರವಾಗಲಿಲ್ಲ, ಕುತೂಹಲವಾಯಿತು. ಮೇಷ್ಟ್ರ ಬುದ್ಧಿ, ಹುಡುಕಿ ಓದಿದೆ. ಆಕೆ ಬಾರ್ಬ್ ನಿಕೋಲ್. 1777ರಲ್ಲಿ ರೀಮ್ಸ್ ಪಟ್ಟಣದಲ್ಲಿ ಹುಟ್ಟಿದವಳು. 1805ರಲ್ಲಿ ಗಂಡ ಕ್ಲಿಕೊ ತೀರಿಕೊಂಡಾಗ ಆಕೆಗೆ 27 ವರ್ಷ, ಮಡಿಲಲ್ಲಿ ಒಬ್ಬಳು ಮಗಳು. ಮಾವನನ್ನು ಒಪ್ಪಿಸಿ ವ್ಯಾಪಾರವನ್ನು ಕೈಗೆ ತೆಗೆದುಕೊಂಡಳು. ಆಗಿನ ಫ್ರೆಂಚ್ ಕಾನೂನಿನಲ್ಲಿ ಗಂಡನಿದ್ದವಳು ಅವನ ಒಪ್ಪಿಗೆಯಿಲ್ಲದೆ ವ್ಯಾಪಾರ ಮಾಡುವಂತಿರಲಿಲ್ಲ, ವಿಧವೆ ಮಾಡಬಹುದಿತ್ತು! 1814ರಲ್ಲಿ, ನೆಪೋಲಿಯನ್ ಸೋತದ್ದೇ ತಡ, ಬೇರೆಯವರಿಗಿಂತ ಮೊದಲು ರಷ್ಯಾಕ್ಕೆ ಹಡಗಿನಲ್ಲಿ ಸಾವಿರಾರು ಸೀಸೆ ಕಳಿಸಿದಳು. ಶಾಂಪೇನು ಸೀಸೆಯಲ್ಲೇ ಎರಡನೆಯ ಸಲ ಹುದುಗುವುದರಿಂದ ಒಳಗೆ ಗಸಿ ಉಳಿದು ಮಬ್ಬಾಗಿ ಕಾಣುತ್ತಿತ್ತು. ತೂತು ಕೊರೆದ ಮೇಜಿನಲ್ಲಿ ಸೀಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ದಿನವೂ ಇಷ್ಟಿಷ್ಟೇ ತಿರುಗಿಸಿ, ಗಸಿಯನ್ನು ಬಿರಡೆಯ ಬಳಿಗೆ ತಂದು ತೆಗೆಯುವ ಉಪಾಯ ಆಕೆಯ ನೆಲಮಾಳಿಗೆಯದು. ಬರಿಯ ಸಿಹಿಯಾಗಿದ್ದ ಶಾಂಪೇನಿನಲ್ಲಿ ಸಕ್ಕರೆ ಇಳಿಸಿ, 1874ರ ಬೆಳೆಯಿಂದ ಹೆಸರು ಮಾಡಿದ ಪೊಮ್ಮೆರಿಯೂ ವಿಧವೆಯೇ. ನೆಪೋಲಿಯನ್ನನ ಯುದ್ಧಗಳನ್ನು ಇಪ್ಪತ್ತೈದು ವರ್ಷ ಪಾಠ ಮಾಡಿದ ನನಗೆ ಈ ಹೆಂಗಸರನ್ನು ಯಾವ ಪುಸ್ತಕವೂ ತೋರಿಸಿರಲಿಲ್ಲ.

ದೊಡ್ಡವಳ ಮದುವೆ 2019ರಲ್ಲಿ ಆಯಿತು. ಆಹ್ವಾನ ಪತ್ರಿಕೆಯ ಮೇಲೆ ಅಣ್ಣನ ಹೆಸರು. ಧಾರೆ ಎರೆದವರು ಅಣ್ಣ ಅತ್ತಿಗೆ. ಸಾಲದ ಕಂತು ಕಟ್ಟುತ್ತಿದ್ದವಳು ನಾನು, ನಿಂತಿದ್ದು ಕಂಬದ ಹಿಂದೆ. ಯಾರೂ ನನ್ನನ್ನು ಅಲ್ಲಿಗೆ ದೂಡಲಿಲ್ಲ. 'ಇಲ್ಲೇ ಇರ್ತೀಯೇನಮ್ಮಾ' ಎಂದು ಮೆತ್ತಗೆ ಕೇಳಿದರು, ಅಷ್ಟೆ. ಅಲ್ಲಿ ನೋಡಿದರೆ ಯಾವ ದೇಶದ ಮದುವೆಯಲ್ಲೋ ವಧೂವರರ ಮುಂದೆ 'ವಿಧವೆ' ಎಂದು ಬರೆದ ಸೀಸೆ ರಾಜಮರ್ಯಾದೆಯಿಂದ ಬಂದು ನಿಲ್ಲುತ್ತದೆ. ಯಾರಿಗೂ ಅಪಶಕುನ ತಟ್ಟುವುದಿಲ್ಲ.

ಬರುವ ಮಾಘದಲ್ಲಿ ಚಿಕ್ಕವಳ ಮದುವೆ. ಸೀಸೆ ಬೇಡ, ನಮಗೆ ಹೋಳಿಗೆಯೇ ಸಾಕು. ಪತ್ರಿಕೆ ಅಚ್ಚಾಗಿ ಬಂದಿದೆ. ಆಹ್ವಾನಿಸುವವರ ಜಾಗದಲ್ಲಿ ನನ್ನ ಹೆಸರೊಂದೇ ಇದೆ. ಮೊದಲ ಆರತಿಯನ್ನೂ ನಾನೇ ಎತ್ತುತ್ತೇನೆಂದು ಬೀಗಿತ್ತಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಟ್ಟೆ ನಾನು ಹಿಡ್ಕೋತೀನಿ ಬಿಡಿ" ಎಂದರು.