ಚೆಂಗ್ಡುವಿನಲ್ಲೊಂದು ಸಂಜೆ

ಚೆಂಗ್ಡು ಚೀನಾದೇಶದ ಸಿಚುವಾನ್ ಪ್ರಾಂತದ ರಾಜಧಾನಿ. ಅಲ್ಲಿನ ಜನತಾ ಉದ್ಯಾನದ ಚಹಾಗೃಹದಲ್ಲಿ ಬಿದಿರು ಕುರ್ಚಿಗಳ ಮೇಲೆ ಕುಳಿತು, ಮುಚ್ಚಳವುಳ್ಳ ಪಿಂಗಾಣಿ ಬಟ್ಟಲಿನಿಂದ ಮಲ್ಲಿಗೆಯ ಚಹಾ ಹೀರಿದ ಸಂಜೆ ನಮ್ಮ ನೆನಪಿನಿಂದ ಮಾಸಿಲ್ಲ. ಜೊತೆಗಿದ್ದವರು ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಮತ್ತು ಅವರ ಹತ್ತು ವರ್ಷದ ಮೊಮ್ಮಗ. ಹೊರಡಲೆಂದು ಎದ್ದಾಗ ಬಾಲಕನು ಕೈಬೀಸಿ "ಗುಡ್ ಲೈಟ್" ಎಂದನು. ನಾವು ನಕ್ಕುಬಿಟ್ಟೆವು. ಅವನು ಮುಖ ತಗ್ಗಿಸಿ ತಾತನ ಹಿಂದೆ ಸರಿದನು.

ಅಧ್ಯಾಪಕರು ಬೇಸರಿಸದೆ ನಮ್ಮನ್ನು ಮತ್ತೆ ಕುಳ್ಳಿರಿಸಿ ವಿವರಿಸಿದರು. ಚೆಂಗ್ಡುವಿನ ಆಡುನುಡಿಯಲ್ಲಿ ನಕಾರ ಲಕಾರಗಳು ಬಹುಮಟ್ಟಿಗೆ ಬೆರೆತುಹೋಗಿವೆ. ದಕ್ಷಿಣವೆಂಬ ಅರ್ಥದ 'ನಾನ್', ನೀಲಿಯೆಂಬ ಅರ್ಥದ 'ಲಾನ್' ಬೀಜಿಂಗಿನವರಿಗೆ ಎರಡು ಪದ. ಇಲ್ಲಿನವರ ಕಿವಿಗೆ ಒಂದೇ. 1956ರಿಂದ ಸರ್ಕಾರವು ಬೀಜಿಂಗಿನ ಉಚ್ಚಾರವನ್ನಾಧರಿಸಿದ ಸಾಮಾನ್ಯ ಭಾಷೆಯನ್ನು ಶಾಲೆಗಳಲ್ಲಿ ಬಳಕೆಗೆ ತಂದಿದೆ. ಆದರೂ ಮನೆಯ ನುಡಿ ನಾಲಗೆಯನ್ನು ಬಿಡದು. ಮೂರನೆಯ ಭಾಷೆಯಾದ ಇಂಗ್ಲಿಷಿನಲ್ಲೂ ಇಣುಕುತ್ತದೆ.

ಒಂದೊಂದು ಪ್ರಾಂತಕ್ಕೆ ಒಂದೊಂದು ತೊಡಕು. ದಕ್ಷಿಣ ಫುಜಿಯಾನದ ಮಿನ್ ನುಡಿಯಲ್ಲಿ ಇಂಗ್ಲಿಷಿನ 'ಎಫ್' ಧ್ವನಿಯಿಲ್ಲ. ಅದು ಹಕಾರದತ್ತ ಜಾರುತ್ತದೆ. ಬೀಜಿಂಗಿನ ನುಡಿಯಲ್ಲಿ ಪದಾಂತ್ಯಕ್ಕೆ ಪ್, ಟ್, ಕ್ ಬಾರವಾದ್ದರಿಂದ ಕಲಿಯುವವರು ಕೊನೆಗೊಂದು ಸ್ವರವನ್ನು ಅಂಟಿಸುವುದುಂಟು. ಗ್ವಾಂಗ್‌ಝೌವಿನ ಕ್ಯಾಂಟನೀಸಿನಲ್ಲಿ ಅವು ಬರುತ್ತವೆ. ಆದರೆ ಉಸಿರು ತಡೆದಲ್ಲೇ ನಿಲ್ಲುವುದರಿಂದ ಇಂಗ್ಲಿಷ್ ಪದದ ತುದಿ ಕೇಳಿಸದೆ ಹೋಗುತ್ತದೆ. ಶಾಂಘೈ ನುಡಿಯಲ್ಲಾದರೋ ನಮ್ಮ ಪ, ಫ, ಬಗಳಂತೆ ಮೂರು ಭೇದಗಳಿವೆ. ಬೀಜಿಂಗಿನವರಿಗೆ ಎರಡೇ, ಇಂಗ್ಲಿಷಿನ ಬಕಾರ ಅವರಿಗೆ ಹೊಸದು.

ಬಸ್ಸನ್ನು 'ಬಸ್ಸು' ಎಂದೂ ಕಾಫಿಯನ್ನು 'ಕಾಪಿ' ಎಂದೂ ಕರೆಯುವ ನಾವು ನಗಬಹುದೇ? ಹಿಂದೊಮ್ಮೆ ನಮ್ಮ ತರಗತಿಯಲ್ಲಿ 'ಇಸ್ಕೂಲು' ಎಂದ ಹುಡುಗನನ್ನು ನಿಲ್ಲಿಸಿ ಹತ್ತು ಸಲ ಹೇಳಿಸಿದ್ದೆವು. ಅವನು ಆ ವರ್ಷವೆಲ್ಲ ಇಂಗ್ಲಿಷ್ ಪಾಠದಲ್ಲಿ ಬಾಯಿ ಬಿಡಲಿಲ್ಲ. ಅಂದು ಆ ಮುಖ ಕಣ್ಣಮುಂದೆ ಬಂದಿತು.

ಅಧ್ಯಾಪಕರು ಮೊಮ್ಮಗನ ಮೂಗನ್ನು ಮೆಲ್ಲನೆ ಹಿಡಿದು, "ಈಗ ಹೇಳು" ಎಂದರು. ಮೂಗು ಮುಚ್ಚಿದರೆ ಲಕಾರ ಸಲೀಸಾಗಿ ಬರುತ್ತದೆ, ನಕಾರ ತಡೆಯುತ್ತದೆ. ನಾವೂ ನಮ್ಮ ಮೂಗು ಹಿಡಿದುಕೊಂಡೆವು. ಬಾಲಕನು ಕಿಲಕಿಲನೆ ನಕ್ಕು, ಮೂರನೆಯ ಪ್ರಯತ್ನಕ್ಕೆ "ಗುಡ್ ನೈಟ್" ಎಂದನು.

ಊರಿಗೆ ಮರಳಿದ ಮೇಲೆ, ಯಾವ ಮಗುವಿನ ಉಚ್ಚಾರವನ್ನು ತಿದ್ದುವ ಮುನ್ನವೂ ಅದರ ಮನೆಯ ಮಾತು ಯಾವುದೆಂದು ಕೇಳುವುದನ್ನು ರೂಢಿಸಿಕೊಂಡಿದ್ದೇವೆ.