ಡಿಬಿಎಫ್ ಫೈಲಿನ ಮನೆ ಬದಲು

ಡಾಸ್ ಕಾಲದ ಡೇಟಾಬೇಸ್ ಅಂದರೆ ಬಹುಪಾಲು ಡಿಬಿಎಫ್ ಫೈಲು. ಡಿಬೇಸ್‌ನಲ್ಲಿ ಹುಟ್ಟಿ ಕ್ಲಿಪ್ಪರ್, ಫಾಕ್ಸ್‌ಪ್ರೊಗಳ ಕೈಯಲ್ಲಿ ಪಳಗಿದ ಈ ಫೈಲಿನಲ್ಲಿ ಸಹಕಾರಿ ಸೊಸೈಟಿಯ ಸದಸ್ಯರ ಪಟ್ಟಿ, ಬೆಳೆಸಾಲದ ಬಾಕಿ, ಅಡಿಕೆ ವಖಾರಿಯ ತೂಕದ ಲೆಕ್ಕ ಎಲ್ಲಕ್ಕೂ ಜಾಗವಿತ್ತು. ಅದನ್ನು ಹೊಸ ಕಂಪ್ಯೂಟರಿಗೆ ದಾಟಿಸುವುದು ಕೆಲಸವೂ ಹೌದು, ರುಚಿ ಹತ್ತಿದವರಿಗೆ ಚಟವೂ ಹೌದು.

ಮೊದಲ ತೊಡಕು ಹವೆಯದು. ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರುಗಳು ಕಿಲುಬುಗಟ್ಟುತ್ತವೆ. ಮಳೆಗಾಲದ ತೇವಕ್ಕೆ ಫ್ಲಾಪಿ ಬೂಷ್ಟು ಹಿಡಿಯುತ್ತದೆ. ಅಂಥ ಫ್ಲಾಪಿಯನ್ನು ಹಾಗೇ ಡ್ರೈವಿಗೆ ತುರುಕಿದರೆ ಹೆಡ್ಡಿಗೆ ಕೊಳೆ, ಮುಂದಿನ ಫ್ಲಾಪಿಗೆ ಗೀರು. ಒರೆಸಿ, ಒಣಗಿಸಿ, ಒಂದು ಪ್ರತಿ ತೆಗೆದಿಟ್ಟುಕೊಂಡು ಮುಂದಿನ ಕಸರತ್ತೆಲ್ಲ ಆ ಪ್ರತಿಯ ಮೇಲೆಯೇ.

ಪ್ರೋಗ್ರಾಮನ್ನೂ ಜೊತೆಗೆ ಒಯ್ಯುವ ಆಸೆ ಸಹಜ. ಆದರೆ 64 ಬಿಟ್ ವಿಂಡೋಸ್ ಡಾಸ್ ಪ್ರೋಗ್ರಾಮುಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಡಾಸ್‌ಬಾಕ್ಸ್‌ನಲ್ಲಿ ಓಡಿಸಬಹುದು, ಅದು ಆಟಗಳಿಗೆಂದು ಮಾಡಿದ್ದು, ಪ್ರಿಂಟ್ ಕೊಟ್ಟಾಗ ತಕರಾರು ತೆಗೆಯುತ್ತದೆ. ಹಳೆಯ ಪರದೆಯ ಮೋಹ ಬಿಟ್ಟು ಫೈಲನ್ನಷ್ಟೇ ತರುವುದು ಜಾಣತನ. ಲಿಬ್ರೆಆಫೀಸ್ ಅದನ್ನು ನೇರವಾಗಿ ತೆರೆಯುತ್ತದೆ. ಅಷ್ಟಕ್ಕೇ ತೃಪ್ತರಾದವರಿಗೆ ಅರ್ಧ ಸುಖ ತಪ್ಪಿತು.

ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ನೋಡಬೇಕು. ಮೊದಲ ಬೈಟ್ ಸಾಮಾನ್ಯವಾಗಿ 03. ಉದ್ದ ಟಿಪ್ಪಣಿಯ ಮೆಮೊ ಫೀಲ್ಡು ಇಲ್ಲದ ಫೈಲು ಎಂಬ ಗುರುತು. ಮುಂದಿನ 3 ಬೈಟುಗಳಲ್ಲಿ ಕಡೆಯ ಸಲ ಬರೆದ ತಾರೀಕು, ಅದರಾಚೆಯ 4ರಲ್ಲಿ ರೆಕಾರ್ಡುಗಳ ಸಂಖ್ಯೆ, ಮೊದಲ 32 ಬೈಟು ಮುಗಿದ ಮೇಲೆ ಒಂದೊಂದು ಫೀಲ್ಡಿಗೂ 32 ಬೈಟಿನ ವಿವರ, ಕಡೆಗೆ 1 ಬೈಟಿನ ಮುಕ್ತಾಯದ ಗುರುತು; ಇಷ್ಟೂ ಸೇರಿ ಹೆಡರು. ಅಲ್ಲಿಂದಾಚೆ ಬರಿಗಣ್ಣಿಗೇ ಓದಲು ಬರುವ ಸಾಲುಗಳು; ಬಾಕಿಯ ಅಂಕಿ ಕೂಡ ಅಕ್ಷರವಾಗಿಯೇ ಕೂತಿರುತ್ತದೆ. ಮುಚ್ಚುಮರೆ ಅರಿಯದ ಫೈಲು. ಪ್ರತಿ ರೆಕಾರ್ಡಿನ ಮುಂದೆ ಒಂದು ಅಕ್ಷರದ ಜಾಗವಿದೆ. ಅದು ಖಾಲಿಯಿದ್ದರೆ ಸರಿ, ನಕ್ಷತ್ರವಿದ್ದರೆ ಅಳಿಸಿದ ರೆಕಾರ್ಡು. ಅಳಿಸಿದ್ದೆಂದರೂ ‘ಪ್ಯಾಕ್’ ಆಜ್ಞೆ ಕೊಡುವವರೆಗೆ ಅಲ್ಲೇ ಇರುತ್ತದೆ. ಸಾಲ ತೀರಿಸಿ ಹೆಸರು ತೆಗೆಸಿದವರು ಇಪ್ಪತ್ತು ವರ್ಷದ ಮೇಲೂ ಹಣೆಗೆ ಚಿಕ್ಕಿ ಇಟ್ಟುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಚಿಕ್ಕಿ ಗಮನಿಸದೆ ಅವರನ್ನು ಬಾಕಿದಾರರೆಂದು ಹೊಸ ಪಟ್ಟಿಗೆ ಇಳಿಸಿದರೆ ಜಗಳ ಖಂಡಿತ.

ಕರೆಂಟ್ ಹೋಗಿ ಬರುವ ಊರಿನ ಫೈಲಿಗೆ ಇನ್ನೊಂದು ಕಾಯಿಲೆ. ರೆಕಾರ್ಡು ಬರೆದಾಗಿರುತ್ತದೆ, ಹೆಡರಿನ ಸಂಖ್ಯೆ ತಿದ್ದುವ ಮೊದಲೇ ಕಂಪ್ಯೂಟರ್ ಆರಿರುತ್ತದೆ. ಆಗ ಫೈಲಿನ ಗಾತ್ರವನ್ನೇ ಸಾಕ್ಷಿಗೆ ಕರೆಯಬೇಕು. 5 ಫೀಲ್ಡುಗಳಿದ್ದರೆ ಹೆಡರು 32 + 160 + 1 = 193 ಬೈಟು. ಖಾತೆ ಸಂಖ್ಯೆಗೆ 6, ಹೆಸರಿಗೆ 30, ಊರಿಗೆ 15, ತಾರೀಕಿಗೆ 8, ಬಾಕಿಗೆ 10, ಚಿಕ್ಕಿಯ ಜಾಗಕ್ಕೆ 1: ರೆಕಾರ್ಡಿಗೆ 70 ಬೈಟು. ಫೈಲಿನ ಗಾತ್ರ 86,994 ಎಂದಿದ್ದರೆ ಹೆಡರನ್ನೂ ಫೈಲು ಮುಗಿದ ಗುರುತಿನ ಕಡೆಯ 1 ಬೈಟನ್ನೂ ಕಳೆದು 70ರಿಂದ ಭಾಗಿಸಿದಾಗ ಬರುವುದು 1,240. ಹೆಡರು 1,212 ಅನ್ನುತ್ತಿದ್ದರೆ 28 ಜನ ಬಾಗಿಲಾಚೆ ನಿಂತಿದ್ದಾರೆ. ಸಂಖ್ಯೆ ತಿದ್ದಿದೊಡನೆ ಆ ಇಪ್ಪತ್ತೆಂಟೂ ಹೆಸರು ಪರದೆಗೆ ಬಂದು ಕೂರುವ ಗಳಿಗೆಗಾಗಿಯೇ ಈ ಕೆಲಸಕ್ಕೆ ಕೈಹಾಕುವವರಿದ್ದಾರೆ.

ತಾರೀಕಿನದು ಬೇರೆ ತಮಾಷೆ. ಫೈಲಿನೊಳಗೆ ಇಸವಿಗೆ 4 ಅಂಕಿಯ ಜಾಗವಿದ್ದರೂ ಪರದೆಯಲ್ಲಿ ಎರಡನ್ನಷ್ಟೇ ಕೇಳುವ ಪ್ರೋಗ್ರಾಮುಗಳಲ್ಲಿ 2003ರ ಸಾಲ 1903 ಎಂದು ದಾಖಲಾಗುತ್ತಿತ್ತು. ಸಹಕಾರ ಸಂಘಗಳ ಕಾಯ್ದೆ ಬಂದದ್ದೇ 1904ರಲ್ಲಿ, ನಾಡಿನ ಮೊದಲ ಸಂಘವಾದ ಕಣಗಿನಹಾಳದ್ದು ಹುಟ್ಟಿದ್ದು 1905ರಲ್ಲಿ!

ಜಮೀನಿನ ಫೀಲ್ಡು ಇನ್ನೂ ಕಪಟಿ. ಎಕರೆಗೆ 40 ಗುಂಟೆ. ಆದರೆ 25 ಗುಂಟೆಯನ್ನು 0.25 ಎಂದು ಹೊಡೆಯುವುದು ರೂಢಿ. ಅಂಥ ಎರಡು ತುಂಡು ಕೂಡಿಸಿದರೆ ಕಂಪ್ಯೂಟರ್ 0.50 ಅನ್ನುತ್ತದೆ, ಪಹಣಿ 1 ಎಕರೆ 10 ಗುಂಟೆ ಅನ್ನುತ್ತದೆ. ಇಡೀ ಫೀಲ್ಡಿನಲ್ಲಿ ಚುಕ್ಕೆಯ ಬಲಕ್ಕೆ 39 ಮೀರಿದ ಅಂಕಿ ಒಂದೂ ಇಲ್ಲದಿದ್ದರೆ ಅದು ಗುಂಟೆಯ ಚುಕ್ಕೆ ಎಂದೇ ತಿಳಿಯಬೇಕು.

ಇಂಗ್ಲಿಷಿನಲ್ಲಿ ಹೊಡೆದ ಹೆಸರುಗಳನ್ನು ಯಂತ್ರಕ್ಕೆ ಬಿಡುವಂತಿಲ್ಲ. ಹೆಗಡೆ, ಹೆಗ್ಡೆ ಒಬ್ಬರೇ ಇರಬಹುದು. ನಾಯ್ಕ, ನಾಯಕ ಈ ಕರಾವಳಿಯಲ್ಲಿ ಒಂದಲ್ಲ. ಮಾವಿನಕುರ್ವೆ ಹೊನ್ನಾವರದಲ್ಲೂ ಇದೆ, ಭಟ್ಕಳದಲ್ಲೂ ಇದೆ. ಊರು ಬಲ್ಲವರು ಪಕ್ಕದಲ್ಲಿ ಕೂತರೆ ಮಾತ್ರ ಇದು ಬಗೆಹರಿಯುತ್ತದೆ. ಡಾಸ್‌ಗೆ ಭಾರತೀಯ ಲಿಪಿ ತರುವ ಜಿಸ್ಟ್ ಕಾರ್ಡ್ ಹಾಕಿ ಕನ್ನಡದಲ್ಲೇ ಹೊಡೆದಿದ್ದರೆ ಅದೃಷ್ಟ: ಅದು ಬಳಸುವ ಇಸ್ಕಿ ಸಂಕೇತದ ಜೋಡಣೆಯನ್ನೇ ಯೂನಿಕೋಡಿನ ಕನ್ನಡ ಹಿಡಿದು ಬಂದದ್ದರಿಂದ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಕೂರುತ್ತದೆ. ನಿಜವಾದ ಕಾಟ ಆಮೇಲಿನ ವಿಂಡೋಸ್ ಫಾಂಟುಗಳದು; ಅಲ್ಲಿ ಕೊಂಬು, ಒತ್ತು ಎಲ್ಲ ಬಿಡಿ ತುಂಡುಗಳು.

ಕಡೆಗೆ ತಾಳೆ. ಹಳೆ ಕಂಪ್ಯೂಟರಿನ ಒಟ್ಟು ಬಾಕಿ, ಹೊಸದರದು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟಿನದು, ಮೂರೂ ಪೈಸೆಗೆ ಪೈಸೆ ಕೂಡಬೇಕು. ಕೂಡಿದ ಮೇಲೆ ಮೂಲ ಫೈಲನ್ನು ಯಾರೂ ತಿದ್ದದಂತೆ ಮಾಡಿ ಎರಡು ಕಡೆ ಇಡುವುದು: ಒಂದು ಕುಮಟೆಯಲ್ಲಿದ್ದರೆ ಇನ್ನೊಂದು ಘಟ್ಟದ ಮೇಲೆ, ಉಪ್ಪುಗಾಳಿ ತಾಗದ ಶಿರಸಿಯಲ್ಲಿ.