ಮಿರಗನ ಮಳೆಗೆ ಮುಂಚೆ ನಮ್ಮ ಓಣಿಯ ಗಟಾರ

ಬೇಸಿಗೆ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪುರಸೊತ್ತು ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ತಂದು ತೊಟ್ಟು ಮುರಿದು ಮಸಾಲೆಖಾರ ಕುಟ್ಟಿಸಬೇಕು, ಶ್ಯಾವಿಗೆ, ಹಪ್ಪಳ, ಸಂಡಿಗೆ ಒಣಗಿಸಿ ಡಬ್ಬಿ ತುಂಬಬೇಕು. ಇದೆಲ್ಲದರ ನಡುವೆ ಮನೆ ಮುಂದಿನ ಗಟಾರವನ್ನು ಒಮ್ಮೆ ಬಗ್ಗಿ ನೋಡುವುದೂ ಮಳೆಗಾಲದ ತಯಾರಿಯೇ ಎಂದು ನಾನು ಹೇಳಿದರೆ ಕೆಲವರು ಮೂಗು ಮುರಿಯಬಹುದು. ಗಟಾರ ಗಂಡಸರ ಕೆಲಸವಂತೆ! ನೀರು ಒಳಗೆ ಬಂದಾಗ ಅಕ್ಕಿ ಚೀಲ ಎತ್ತುವವರು, ಆಮೇಲೆ ನಾಲ್ಕು ದಿನ ನೆಲ ತಿಕ್ಕುವವರು ಯಾರು, ನೀವೇ ಹೇಳಿ.

ನಮ್ಮ ಮನೆ ಇರುವುದು ರಾಣೆಬೆನ್ನೂರಿನ ಒಂದು ಇಳಿಜಾರು ಓಣಿಯಲ್ಲಿ, ಕೆಳಗಿನಿಂದ ಮೂರನೆಯದು. ಮೇಲಿನ ಎಲ್ಲರ ಬಚ್ಚಲ ನೀರು, ಮಳೆ ನೀರು ನಮ್ಮ ಮುಂದೆಯೇ ಹಾಯ್ದು ಹೋಗಬೇಕು. 2024ರ ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಿತ್ತು. ಅರ್ಧ ತಾಸೂ ಇರಲಿಲ್ಲ, ನೀರು ಹೊಸ್ತಿಲು ದಾಟಿ ಪಡಸಾಲೆಗೆ ಬಂತು. ನಮ್ಮ ಅತ್ತೆಯವರು ಮಂಚದ ಮೇಲೆ ಕಾಲು ಮಡಚಿ ಕೂತು, "ಯವ್ವಾ, ಮದ್ಲ ಹಿಟ್ಟಿನ ಡಬ್ಬಿ ಎತ್ತವಾ" ಅಂತ ಒಂದೇ ಸಮ ಕೂಗುತ್ತಿದ್ದರು.

ಅಷ್ಟು ಸಣ್ಣ ಮಳೆಗೆ ಇಷ್ಟು ನೀರು ಹೇಗೆ? ಮರುದಿನ ನಾವು ನಾಲ್ಕೈದು ಜನ ಗಟಾರದ ಜೊತೆ ಕೆಳಗೆ ನಡೆದು ನೋಡಿದೆವು. ಕಡೆಯ ಮನೆಯವರು ಗಾಡಿ ಹತ್ತಿಸಲು ಗಟಾರದ ಮೇಲೆ ಸಿಮೆಂಟಿನ ಇಳಿಜಾರು ಕಟ್ಟಿಸಿ, ಅಡಿಯಲ್ಲಿ ಒಂದು ಸಣ್ಣ ಪೈಪು ಇಟ್ಟಿದ್ದರು. ಪೈಪಿನ ಬಾಯಲ್ಲಿ ಪ್ಲಾಸ್ಟಿಕ್ ಚೀಲ, ತೆಂಗಿನ ನಾರು, ಕೂದಲು, ಯಾವುದೋ ಮಗುವಿನ ಚಪ್ಪಲಿ. ಅದರ ಹಿಂದೆ ಎರಡು ಗೇಣು ಹೂಳು.

ಗಟಾರ ಕಟ್ಟುವ ರೀತಿಯೇ ಹೀಗೆ. ನೀರು ಜೋರಾಗಿ ಹರಿಯುವವರೆಗೆ ಉಸುಕನ್ನೂ ತಳ್ಳಿಕೊಂಡು ಹೋಗುತ್ತದೆ. ಎಲ್ಲೋ ಒಂದು ಚೀಲ ಸಿಕ್ಕಿಕೊಂಡು ನೀರು ನಿಧಾನವಾಯಿತೋ, ಉಸುಕು ಅಲ್ಲೇ ಕೂತುಬಿಡುತ್ತದೆ. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ಪ್ರವಾಹಗಳಲ್ಲಿ ಗಟಾರ ಕಟ್ಟಿದ್ದು ತೆಳು ಚೀಲಗಳಿಂದಲೇ ಎಂದು ಕಂಡುಕೊಂಡು 2002ರಲ್ಲಿ ಅವನ್ನು ನಿಷೇಧಿಸಿದರು. ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ. ಆದರೂ ಸಂತೆಯಲ್ಲಿ ಕೊತ್ತಂಬರಿ ಸಿವುಡಿನ ಜೊತೆ ಚೀಲ ಬಂದೇ ಬರುತ್ತದೆ.

ಬ್ಯಾಡಗಿಯಲ್ಲಿರುವ ನನ್ನ ತಂಗಿ ಹೇಳುವುದು ಬೇರೆ. ಸೀಜನ್ನಿನಲ್ಲಿ ಅವರ ಓಣಿಯಲ್ಲಿ ಮೆಣಸಿನಕಾಯಿ ತೊಟ್ಟು, ಬೀಜ, ಧೂಳು ಎಲ್ಲ ಗುಡಿಸಿ ಗಟಾರಕ್ಕೇ ತಳ್ಳುತ್ತಿದ್ದರಂತೆ. ಒಣಗಿದಾಗ ಹಗುರ, ಮೊದಲ ಮಳೆಗೆ ನೆನೆದು ಬೆಣೆ ಹೊಡೆದಂತೆ ಕೂತುಬಿಡುತ್ತದೆ. ಈಗ ಆಕೆ ಒಂದು ಗೋಣಿಚೀಲ ಇಟ್ಟುಕೊಂಡು ತುಂಬುತ್ತಾಳೆ.

ನಾವು ಹನ್ನೊಂದು ಮನೆಯವರು ಸಹಿ ಮಾಡಿ ಅರ್ಜಿ ಕೊಟ್ಟೆವು. ವಾರದಲ್ಲಿ ಪೌರಕಾರ್ಮಿಕರು ಬಂದು ಹೂಳು ಎತ್ತಿದರು. ಎತ್ತಿದ ಹೂಳನ್ನು ದಂಡೆಯ ಮೇಲೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅಲ್ಲಿಗೇ ಇಳಿಯುತ್ತದೆ. ಅದಕ್ಕೇ ಟ್ರ್ಯಾಕ್ಟರ್ ಬರುವ ದಿನವನ್ನೂ ಕೇಳಿಟ್ಟುಕೊಂಡೆವು. ಹೂಳಿನಲ್ಲಿ ಗಾಜಿನ ಚೂರು, ಹೇಳಲು ನಾಚಿಕೆಯಾಗುವ ಮುಟ್ಟಿನ ಪ್ಯಾಡುಗಳು. ಅವನ್ನು ಎತ್ತುವುದೂ ಒಂದು ಮನುಷ್ಯನ ಕೈ ತಾನೆ? ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ.

ಸಿಮೆಂಟಿನ ಇಳಿಜಾರು ಮಾತ್ರ ಹಾಗೆಯೇ ಉಳಿಯಿತು. "ಅಕ್ಕಾರ, ಒಡೆಸಿದ್ರ ಗಾಡಿ ಒಳಗ ಹೆಂಗ ತರೂದ್ರಿ?" ಎಂದು ಆ ಮನೆಯಾಕೆ ಕೇಳಿದಾಗ ನಮ್ಮ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಅಕ್ಟೋಬರ್ ಬಂತು. ದಸರಾ ಮುಗಿದ ವಾರ, ಚಿತ್ತಿ ಮಳೆ. ಹಾವೇರಿಯಲ್ಲಿ ರಸ್ತೆಯೂ ಗಟಾರವೂ ಒಂದಾಗಿ ಹರಿಯುತ್ತಿದ್ದಾಗ ಒಬ್ಬ ಬಾಲಕ ಗಟಾರಕ್ಕೆ ಬಿದ್ದು ಕೊಚ್ಚಿಹೋಗಿ ತೀರಿಕೊಂಡ. ಆ ದಿನ ನಮ್ಮ ಓಣಿಯಲ್ಲಿ ಯಾವ ತಾಯಿಯೂ ಮಗುವನ್ನು ಹೊರಗೆ ಬಿಡಲಿಲ್ಲ. ನೀರು ತುಂಬಿದಾಗ ರಸ್ತೆ ಎಲ್ಲಿ ಮುಗಿಯಿತು, ಗಟಾರ ಎಲ್ಲಿ ಶುರುವಾಯಿತು ಅಂತ ದೊಡ್ಡವರಿಗೇ ತಿಳಿಯುವುದಿಲ್ಲ, ಮಕ್ಕಳಿಗೆ ಹೇಗೆ ತಿಳಿದೀತು?

ಎಲ್ಲ ಮುಚ್ಚಿಸಿಬಿಡೋಣ ಎಂದರು ಕೆಲವರು. ಆದರೆ ಸಿಮೆಂಟು ಹಾಕಿ ಮುಚ್ಚಿದರೆ ಹೂಳು ತೆಗೆಯುವುದು ಹೇಗೆ? ಒಳಗೆ ಕಟ್ಟಿದ್ದು ಕಾಣುವುದೂ ಇಲ್ಲ. ಇಬ್ಬರು ಸೇರಿ ಎತ್ತಿ ಇಡಬಹುದಾದ ಹಾಸುಗಲ್ಲು, ನಡುನಡುವೆ ಕಬ್ಬಿಣದ ಜಾಳಿಗೆ ಇದ್ದರೆ ಎರಡೂ ಆಗುತ್ತದೆ. ಕಡೆಯ ಮನೆಯವರೂ ಯಾರೂ ಹೇಳದೆ ಸಿಮೆಂಟು ಒಡೆಸಿ, ಎತ್ತಲು ಬರುವಂಥ ಕಬ್ಬಿಣದ ಜಾಳಿಗೆ ಕೂಡಿಸಿದರು. ಅವರ ಮೊಮ್ಮಗನಿಗೆ ಆಗ ನಾಲ್ಕು ವರ್ಷ.

ಈಗ ಮಿರಗಕ್ಕೆ ಮುಂಚೆ ಒಮ್ಮೆ ಹೂಳು ಎತ್ತಿಸುತ್ತೇವೆ. ಚಿತ್ತಿ ಮಳೆಗೆ ಮುಂಚೆ ಇನ್ನೊಮ್ಮೆ ಆಗಬೇಕೆಂದು ಅರ್ಜಿ ಬರೆದಿಟ್ಟಿದ್ದೇನೆ. ಎದುರು ಮನೆಯ ವೈನಿಯವರ ಸಹಿ ಒಂದು ಬಾಕಿ, ತವರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ.